ಹನ್ನೆರಡು ಕವಲಿನ ಪೆನ್ನು

ಆ ದಿನದ ಅನಾಹುತಕ್ಕೆಲ್ಲ ಮೂಲ ಐಲಾಳ ಶುಚಿತ್ವ. ಗಂಡ ರೂಬೆನ್‌ನನ್ನು ಮಣ್ಣು ಮಾಡಿ ಬಂದ ಮೇಲೆ ಒಂದು ವಾರ ಅವಳು ಮನೆಯಲ್ಲಿದ್ದದ್ದನ್ನೆಲ್ಲ ತೊಳೆದಳು. ಪರದೆ ತೊಳೆದಳು, ಕಂಬಳಿ ತೊಳೆದಳು, ಅವನು ಇನ್ನೆಂದೂ ಹಾಕದ ಬೂಟುಗಳನ್ನು ತೊಳೆದು ಒಲೆಯ ಪಕ್ಕ ಒಣಗಲು ಇಟ್ಟಳು. ತೊಳೆಯುವುದಕ್ಕೆ ಇನ್ನೇನೂ ಉಳಿಯದಿದ್ದಾಗ ಗೋಡೆಯ ಮೇಲಿದ್ದ ಒಂಟಿ ಜಿಂಕೆಕೊಂಬು ಕಣ್ಣಿಗೆ ಬಿತ್ತು. ಅದನ್ನು ಎರಡು ದಿನ ಬ್ಲೀಚಿಂಗ್ ನೀರಿನಲ್ಲಿ ನೆನೆಸಿದಳು. ಆಮೇಲೆ ಪಾತ್ರೆ ತೊಳೆಯುವ ಮೆಷಿನ್ನಿಗೆ ಹಾಕಿದಳು, ಒಂದಲ್ಲ, ಎರಡು ಸಲ. ಕೊಂಬು ಬೆಳ್ಳಗೆ ಮಿಂಚುವಂತಾದ ಮೇಲೆ ಟವೆಲ್ಲಿನಲ್ಲಿ ಸುತ್ತಿಕೊಂಡು, ನವೆಂಬರ್ ಹದಿನಾಲ್ಕರ ಬೆಳಿಗ್ಗೆ ಎಂಟು ಗಂಟೆಗೆ, ಹಿಮ ತುಳಿದುಕೊಂಡು ರಸ್ತೆ ದಾಟಿ ಮೆಲ್ವಿನ್ ಪೆಲ್ಟೊನ ಗ್ಯಾರೇಜಿನ ಬಾಗಿಲು ತಟ್ಟಿದಳು.

ಮೆಲ್ವಿನ್‌ಗೆ ಅರವತ್ತೆಂಟು. ಶಾಲೆಯ ಬಸ್ಸುಗಳನ್ನು ರಿಪೇರಿ ಮಾಡಿ ನಿವೃತ್ತನಾದವನು. ಮದುವೆಯಾಗಿರಲಿಲ್ಲ, ಯಾಕೆಂದು ಕೇಳಿದರೆ ರೂಬೆನ್ ಜೊತೆ ಬೇಟೆಗೆ ಹೋಗುವುದಕ್ಕೇ ರಜೆ ಸಾಲುತ್ತಿರಲಿಲ್ಲ ಅನ್ನುತ್ತಿದ್ದ. ನಿವೃತ್ತಿಯಾದ ಮೇಲೆ ಗ್ಯಾರೇಜಿನಲ್ಲಿ ಒಂದು ಸಣ್ಣ ಲೇತ್ ಇಟ್ಟುಕೊಂಡು ಪೆನ್ನು ಮಾಡಲು ಕಲಿತ. ಕೆಳಗಿನ ಅರ್ಧ ಕೋವಿಯಿಂದ ಹಾರಿಸಿದ ಖಾಲಿ ತೋಟಾ, ಮೇಲಿನ ಅರ್ಧ ಜಿಂಕೆಕೊಂಬು, ಒಳಗೊಂದು ರೀಫಿಲ್. ಆಲ್ಡರ್ ಕ್ರೀಕ್‌ನಲ್ಲಿ ಮೆಲ್ವಿನ್‌ನ ಪೆನ್ನು ಇಲ್ಲದ ಮನೆಯಿರಲಿಲ್ಲ. ಅವುಗಳಲ್ಲಿ ಹಲವು ಚೆನ್ನಾಗಿಯೇ ಬರೆಯುತ್ತಿದ್ದವು.

ಐಲಾ ಟವೆಲ್ ಬಿಚ್ಚಿ ಕೊಂಬನ್ನು ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ಮೂರು ಖಾಲಿ ತೋಟಾ ಇಟ್ಟಳು. ಅವು ರೂಬೆನ್‌ನ ಸಮಾಧಿಯ ಹತ್ತಿರ ಗೌರವಕ್ಕೆಂದು ಹಾರಿಸಿದ ತೋಟಾಗಳು. ರೂಬೆನ್ ಸೈನ್ಯದಲ್ಲಿದ್ದ ಎರಡು ವರ್ಷವೂ ಜರ್ಮನಿಯಲ್ಲಿ ಆಲೂಗಡ್ಡೆ ಲಾರಿ ಓಡಿಸಿದ್ದ. ಆದರೂ ನಿಯಮ ನಿಯಮವೇ. ಬಾವುಟ ಮಡಚಿ ಹೆಂಡತಿಯ ಕೈಗೆ ಕೊಟ್ಟು, ಜೊತೆಗೆ ಈ ಮೂರನ್ನೂ ಕೊಟ್ಟಿದ್ದರು.

"ಇವತ್ತು ನಾಲ್ಕು ಗಂಟೆಗೆ ಬೇಟೆ ಕ್ಲಬ್ಬಿನಲ್ಲಿ ಅವನ ನೆನಪಿನ ಊಟ ಇದೆಯಲ್ಲ. ಅಲ್ಲೊಂದು ನೋಟ್‌ಬುಕ್ ಇಡ್ತೀವಿ. ಎಲ್ಲರೂ ರೂಬೆನ್ ಬಗ್ಗೆ ಒಂದೊಂದು ಸಾಲು ಬರೀಲಿ ಅಂತ. ಈ ಪೆನ್ನಲ್ಲೇ ಬರೀಬೇಕು ಅಂತ ನನ್ನಾಸೆ. ಆಗುತ್ತಾ?"

ನಾಲ್ಕು ಗಂಟೆಯೊಳಗೆ ಆಗುವ ಕೆಲಸವಲ್ಲ ಅದು. ಆದರೆ ಮೆಲ್ವಿನ್‌ನ ಕಣ್ಣು ಆ ಕೊಂಬಿನ ಮೇಲೆ ನೆಟ್ಟಿತ್ತು. ಅದು ಯಾವ ಕೊಂಬು ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಆಗುತ್ತೆ," ಅಂದ.

ಮೂರು ವರ್ಷದ ಹಿಂದೆ, ಬೇಟೆಯ ಋತು ಶುರುವಾದ ಮೊದಲ ಬೆಳಿಗ್ಗೆ, ಜೌಗಿನಂಚಿನಲ್ಲಿ ಹನ್ನೆರಡು ಕವಲಿನ ಒಂದು ಗಂಡು ಜಿಂಕೆ ಕಾಣಿಸಿಕೊಂಡಿತು. ಕ್ಲಬ್ಬಿನವರು ಎಪ್ಪತ್ತು ವರ್ಷದಲ್ಲಿ ಅಂಥದ್ದನ್ನು ನೋಡಿರಲಿಲ್ಲ. ಬೇಟೆಗೆ ಅಡಗಿ ಕೂರುವ ಒಂದು ಮರೆಯಲ್ಲಿ ಮೆಲ್ವಿನ್, ಕೂಗಳತೆಯಲ್ಲಿ ಇನ್ನೊಂದರಲ್ಲಿ ರೂಬೆನ್. ಕ್ಯಾಂಪಿನಲ್ಲಿ ಕಾಫಿ ಕಾಯಿಸುತ್ತಿದ್ದ ಕ್ಲಬ್ಬಿನ ಕಾರ್ಯದರ್ಶಿ ಕ್ಲಿಫರ್ಡ್‌ಗೆ ಎರಡು ಈಡು ಕೇಳಿಸಿದವು. ಓಡಿ ಬಂದು ನೋಡಿದರೆ ಜಿಂಕೆ ಬಿದ್ದಿದೆ, ಎದೆಯಲ್ಲಿ ಒಂದೇ ಒಂದು ತೂತು, ಅದರ ಎರಡು ಪಕ್ಕದಲ್ಲಿ ನಿಂತು ಇಬ್ಬರೂ "ನಂದು, ನಂದು" ಅನ್ನುತ್ತಿದ್ದಾರೆ. ನಾನು ಒಂದು ಹೊಡೆದೆ ಎಂದು ಮೆಲ್ವಿನ್. ನಾನೂ ಒಂದು ಹೊಡೆದೆ ಎಂದು ರೂಬೆನ್. ಗುಂಡು ದೇಹವನ್ನು ದಾಟಿ ಜೌಗಿಗೆ ಬಿದ್ದುಹೋಗಿತ್ತು.

ಐವತ್ತು ವರ್ಷದ ಸ್ನೇಹ ಅಲ್ಲೇ ಕೆಟ್ಟಿತು. ಸಂಜೆಯ ಹೊತ್ತಿಗೆ ಮಾತು ಎಲ್ಲಿಗೆ ಹೋಯಿತೆಂದರೆ, ಕ್ಲಿಫರ್ಡ್ ಗರಗಸ ತಂದು ತಲೆಬುರುಡೆಯ ನಡುವೆ ಕೊಯ್ದು ಬಲಗೊಂಬನ್ನು ರೂಬೆನ್‌ಗೂ ಎಡಗೊಂಬನ್ನು ಮೆಲ್ವಿನ್‌ಗೂ ಕೊಟ್ಟುಬಿಟ್ಟ. ಹೊಡೆದ ಜಿಂಕೆಗಳನ್ನೆಲ್ಲ ದಾಖಲಿಸುವ ಕ್ಲಬ್ಬಿನ ಜಿಂಕೆ ಪುಸ್ತಕದಲ್ಲಿ ಅದರ ಸಾಲಿನ ಮುಂದೆ ಹೊಡೆದವನ ಹೆಸರನ್ನು ಬರೆಯದೆ ಖಾಲಿ ಬಿಟ್ಟ. ಎದುರುಬದುರು ಮನೆಯ ಇಬ್ಬರು ಅಂದಿನಿಂದ ಮಾತಾಡಲಿಲ್ಲ. ಈ ಬೇಸಿಗೆಯಲ್ಲಿ ರೂಬೆನ್ ಕಾಯಿಲೆ ಬಿದ್ದಾಗ ಮೆಲ್ವಿನ್ ಎರಡು ಸಲ ಆಸ್ಪತ್ರೆಯವರೆಗೆ ಹೋಗಿದ್ದ. ಎರಡು ಸಲವೂ ಗಾಡಿ ನಿಲ್ಲಿಸುವ ಜಾಗದಲ್ಲಿ ಅರ್ಧ ಗಂಟೆ ಕೂತು, ಒಳಗೆ ಹೋಗಿ ಏನು ಹೇಳಬೇಕೆಂದು ತಿಳಿಯದೆ ವಾಪಸು ಬಂದಿದ್ದ. ಈಗ ಹೇಳುವುದಕ್ಕೆ ಆಸಾಮಿಯೇ ಇಲ್ಲ. ಉಳಿದದ್ದು ಈ ಪೆನ್ನು. ಇದನ್ನು ಕೆಡದಂತೆ ಮಾಡಿಕೊಟ್ಟರೆ ರೂಬೆನ್‌ಗೆ ಹೇಳಬೇಕಾಗಿದ್ದನ್ನು ಅಷ್ಟರಮಟ್ಟಿಗೆ ಹೇಳಿದಂತಾದೀತು ಎಂದು ಅವನಿಗೆ ಅನಿಸಿತು.

ಐಲಾ ಹೋದ ಮೇಲೆ ಅವನು ಕೊಂಬಿನ ಒಂದು ತುಂಡನ್ನು ಕೊಯ್ದು, ನಡುವೆ ತೂತು ಕೊರೆಯಲು ಹಿಡಿದ. ಒಳ್ಳೆಯ ಕೊಂಬು ಕೊರೆಯುವಾಗ ಸುಟ್ಟ ಕೂದಲಿನ ವಾಸನೆ ಬರುತ್ತದೆ. ಇದರಿಂದ ಈಜುಕೊಳದ ವಾಸನೆ ಬಂತು. ಡ್ರಿಲ್ ಒಳಗೆ ಇಳಿದದ್ದೇ ತಡ, ತುಂಡು ಹಳಸಿದ ಬಿಸ್ಕತ್ತಿನಂತೆ ಪುಡಿಪುಡಿಯಾಗಿ ಕೈಗೆ ಬಂತು. ಇನ್ನೊಂದು ತುಂಡು ಕೊಯ್ದ. ಅದೂ ಹಾಗೆಯೇ. ಹತ್ತು ಗಂಟೆಯ ಹೊತ್ತಿಗೆ ಬಲಗೊಂಬಿನ ಆರು ಕವಲಿನಲ್ಲಿ ಐದು ಕವಲು ಮೇಜಿನ ಮೇಲೆ ಬಿಳಿ ಪುಡಿಯಾಗಿ ಬಿದ್ದಿದ್ದವು.

"ಲೋ ಮೆಲ್ವಿನ್, ಏನೋ ಇದು ನಾತ?"

ಕಿಟಕಿಯಲ್ಲಿ ಡೊಲೊರೆಸ್ ಟೀಚರ್‌ರ ಮುಖ ಕಾಣಿಸಿತು. ಪಕ್ಕದ ಮನೆಯವರು, ಎಂಬತ್ತಾರು ವರ್ಷ. ಮೆಲ್ವಿನ್‌ಗೂ ರೂಬೆನ್‌ಗೂ ಮೂರನೇ ಕ್ಲಾಸಿನಲ್ಲಿ ಪಾಠ ಹೇಳಿದವರು. ಅವರ ಮಟ್ಟಿಗೆ ಇಬ್ಬರೂ ಇನ್ನೂ ಮೂರನೇ ಕ್ಲಾಸ್ ದಾಟಿರಲಿಲ್ಲ. ಆ ಗಳಿಗೆಯಲ್ಲಿ ಮೆಲ್ವಿನ್ ಮೊದಲ ಖಾಲಿ ತೋಟಾವನ್ನು ಮೇಜಿನ ಇಕ್ಕಳದಲ್ಲಿ ಸಿಕ್ಕಿಸಿ ತಿರುಪು ಬಿಗಿಯುತ್ತಿದ್ದ. ಟೀಚರ್‌ರ ದನಿ ಕೇಳಿ ಬೆಚ್ಚಿಬಿದ್ದು ಒಂದು ಸುತ್ತು ಜಾಸ್ತಿ ತಿರುಗಿಸಿದ. ತೋಟಾ ಚಪ್ಪಟೆಯಾಗಿ ನಾಲಿಗೆ ಚಾಚಿತು.

"ಒಂದು ಹೋಯ್ತು," ಅಂದ ಮೆಲ್ವಿನ್.

"ಗಾಬರಿಯಾಗೋದು ಆಗಿಂದ ನಿನ್ನ ಸ್ವಭಾವ," ಎನ್ನುತ್ತ ಟೀಚರ್ ಒಳಗೆ ಬಂದು, ಇದ್ದ ಒಂದೇ ಸ್ಟೂಲಿನ ಮೇಲೆ ಕೂತರು. ವಿಷಯವನ್ನು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮಾಡಬಾರದ ಕೆಲಸವೊಂದನ್ನು ಮಾಡಿದರು: ಕೈಚೀಲದಿಂದ ಫೋನ್ ತೆಗೆದು ಕ್ಲಿಫರ್ಡ್‌ಗೆ ಹೇಳಿದರು.

ಕ್ಲಿಫರ್ಡ್‌ಗೆ ಹೇಳಿದರೆ ಊರಿಗೆ ಹೇಳಿದ ಹಾಗೆ. ಹನ್ನೊಂದು ಗಂಟೆಯೊಳಗೆ ಗ್ಯಾರೇಜಿನ ಮುಂದೆ ಏಳು ಗಾಡಿ ನಿಂತವು. ನಾಳೆ ಬೇಟೆ ಶುರುವಾಗುವುದರಿಂದ ಊರಿನ ಗಂಡಸರೆಲ್ಲ ರಜೆಯಲ್ಲಿದ್ದರು, ಮಾಡಲು ಕೆಲಸವಿರಲಿಲ್ಲ. ಬೇಟೆಗೆ ಹಾಕುವ ಕಿತ್ತಳೆ ಬಣ್ಣದ ಕೋಟು ತೊಟ್ಟು ಒಬ್ಬೊಬ್ಬರಾಗಿ ಬಂದರು. ಬಂದವರ ಕಂಕುಳಲ್ಲೆಲ್ಲ ಒಂದೊಂದು ಕೊಂಬು. ಇದು ಅಜ್ಜ ಹೊಡೆದದ್ದು ಎಂದು ಒಬ್ಬ. ಇದು ಲಾರಿಗೆ ಸಿಕ್ಕಿ ಸತ್ತದ್ದು, ಆದರೂ ಕೊಂಬು ಗಟ್ಟಿ ಎಂದು ಇನ್ನೊಬ್ಬ. ಟೀಚರ್ ತಮ್ಮ ಕಡೆಯಿಂದ ಸೂಪಿಗೆ ತಂದಿದ್ದ ದನದ ಮೂಳೆಯೊಂದನ್ನು ಕೊಟ್ಟರು.

"ಬೇಯಿಸಿ ಉಜ್ಜಿದ ಮೇಲೆ ಯಾರಿಗೆ ಗೊತ್ತಾಗುತ್ತೆ?" ಎಂದರು.

"ನಂಗೆ ಗೊತ್ತಾಗುತ್ತೆ ಟೀಚರ್," ಅಂದ ಮೆಲ್ವಿನ್. "ಅದೇ ಜಿಂಕೇದೇ ಆಗ್ಬೇಕು."

ಕ್ಲಿಫರ್ಡ್ ಬರಿಗೈಯಲ್ಲಿ ಬಂದಿದ್ದ. ಅವನು ತಂದದ್ದು ಸಲಹೆ. ಕ್ಲಬ್ಬಿಗೆ ಕಾರ್ಯದರ್ಶಿ, ಸಮಾಧಿಯ ಬಳಿ ಗೌರವದ ಈಡು ಹಾರಿಸುವ ತಂಡಕ್ಕೂ ಅವನೇ ಮುಖ್ಯಸ್ಥ. ಹೀಗಾಗಿ ಬದುಕಿದ್ದವರ ವಿಷಯದಲ್ಲೂ ಸತ್ತವರ ವಿಷಯದಲ್ಲೂ ಅವನ ಮಾತೇ ಕೊನೆ. ಮೆಲ್ವಿನ್ ಒಂದು ನಿಮಿಷ ಬೆನ್ನು ತಿರುಗಿಸಿದ್ದೇ ಸಾಕಾಯಿತು, ಕ್ಲಿಫರ್ಡ್ ಸಹಾಯ ಮಾಡೋಣವೆಂದು ಎರಡನೆಯ ತೋಟಾವನ್ನು ತಾನೇ ಡ್ರಿಲ್ಲಿಗೆ ಹಿಡಿದ. ತೂತು ತಳದಲ್ಲಿ ಶುರುವಾಗಿ ಪಕ್ಕೆಯಲ್ಲಿ ಹೊರಬಂತು.

"ಯೋಚನೆ ಮಾಡ್ಬೇಡ ಮಾರಾಯ," ಎಂದ ಕ್ಲಿಫರ್ಡ್. "ಇವನ್ನ ಹಾರಿಸಿದ್ದೇ ನಾನು. ಬೇಕಾದ್ರೆ ಈಗ್ಲೇ ಸಮಾಧಿ ಹತ್ರ ಹೋಗಿ ಇನ್ನೆರಡು ಹಾರಿಸ್ಕೊಂಡು ಬರ್ತೀನಿ. ರೂಬೆನ್ ಬೇಡ ಅಂತಾನಾ?"

ಮೆಲ್ವಿನ್ ಯಾರ ಮೇಲೂ ಕೂಗಾಡುವವನಲ್ಲ. ಅಂದು ಮಾತ್ರ ಬಾಗಿಲ ಕಡೆ ಕೈತೋರಿಸಿ, ಎಲ್ಲರೂ ಹೊರಡಿ ಎಂದ. ಎಲ್ಲರೂ ಹೊರಟರು, ಕೊಂಬುಗಳನ್ನು ಮಾತ್ರ ಬಿಟ್ಟು. ಟೀಚರ್ ಕದಲಲಿಲ್ಲ. ಎಲ್ಲರೂ ಎಂದಾಗ ತಮ್ಮನ್ನು ಸೇರಿಸಿ ಹೇಳುವ ಧೈರ್ಯ ಆ ಊರಲ್ಲಿ ಯಾರಿಗೂ ಇಲ್ಲವೆಂದು ಅವರಿಗೆ ಗೊತ್ತಿತ್ತು.

ಗಂಟೆ ಹನ್ನೆರಡೂವರೆ. ಉಳಿದದ್ದು ಒಂದು ತೋಟಾ, ಒಂದು ಕವಲು. ಆ ಕವಲನ್ನು ಉಸಿರು ಬಿಗಿಹಿಡಿದು ಲೇತಿಗೆ ಕೂರಿಸಿದ, ಉಳಿಯನ್ನು ಮೆಲ್ಲಗೆ ತಾಗಿಸಿದ. ಅದು ಟಪ್ಪೆಂದು ಸಿಡಿದು ಛಾವಣಿಗೆ ಬಡಿದು ಟೀಚರ್‌ರ ಮಡಿಲಿಗೆ ಬಿತ್ತು.

ಇನ್ನು ಆ ಜಿಂಕೆಯದೆಂದು ಲೋಕದಲ್ಲಿ ಉಳಿದದ್ದು ಒಂದೇ ಕೊಂಬು. ಅದು ಮೆಲ್ವಿನ್‌ನ ಅಡುಗೆಮನೆಯ ಬಾಗಿಲ ಮೇಲಿತ್ತು. ಮೂರು ವರ್ಷದಿಂದ ಅವನು ಬೆಳಿಗ್ಗೆ ಎದ್ದು ಮೊದಲು ನೋಡುತ್ತಿದ್ದದ್ದು ಅದನ್ನೇ. ಒಮ್ಮೆ ಕ್ಲಿಫರ್ಡ್, ಎರಡನ್ನೂ ಜೋಡಿಸಿ ಕ್ಲಬ್ಬಿನಲ್ಲಿ ತೂಗುಹಾಕೋಣ ಎಂದು ಕೇಳಲು ಬಂದಾಗ ಮೆಲ್ವಿನ್ ಬಾಗಿಲನ್ನೂ ತೆರೆದಿರಲಿಲ್ಲ. ಇಡೀ ಕ್ಯಾಂಪು ತನ್ನ ಮಾತನ್ನು ನಂಬದಿದ್ದಾಗ ಕೊಂಬೊಂದೇ ತನ್ನ ಕಡೆಯ ಸಾಕ್ಷಿ ಎಂದುಕೊಂಡಿದ್ದ. ಈಗ ಸ್ಟೂಲಿಲ್ಲದೆ ಬಕೆಟ್ಟಿನ ಮೇಲೆ ಹತ್ತಿ ಅದನ್ನು ಇಳಿಸಿ, ಗ್ಯಾರೇಜಿಗೆ ತಂದು ಗರಗಸದ ಕೆಳಗಿಟ್ಟ.

"ಅದು ನಿಂದಲ್ವೇನೋ?" ಎಂದರು ಟೀಚರ್.

"ಹೌದು."

"ಮತ್ತೆ?"

"ಐಲಾಗೆ ಹೇಳ್ಬೇಡಿ. ಅವಳು ಕೊಟ್ಟಿದ್ರಲ್ಲೇ ಮಾಡ್ದೆ ಅಂತ ಇರ್ಲಿ."

ಟೀಚರ್ ಮಡಿಲಲ್ಲಿದ್ದ ಮುರುಕು ಕವಲನ್ನು ಕರವಸ್ತ್ರದಲ್ಲಿ ಕಟ್ಟಿ ಕೈಚೀಲಕ್ಕೆ ಹಾಕಿಕೊಂಡರು.

ಬುಡದ ಹತ್ತಿರ ಕೊಂಬು ದಪ್ಪ, ಗಟ್ಟಿ. ಮೆಲ್ವಿನ್ ಅಲ್ಲೇ ಕೊಯ್ದ. ಗರಗಸ ಅರ್ಧ ಇಳಿದಾಗ ಕಿರ್ರೆಂದು ಸದ್ದಾಯಿತು. ಹಲ್ಲಿಗೆ ಏನೋ ತಗುಲಿತ್ತು. ನಿಲ್ಲಿಸಿ ನೋಡಿದ. ಬುಡದ ಉಬ್ಬುತಗ್ಗುಗಳ ನಡುವೆ ಒಂದು ಹಳೇ ಗಾಯವಿತ್ತು. ಇನ್ನೊಂದು ಜಿಂಕೆಯ ಜೊತೆ ಕಾದಾಡಿದಾಗ ಆದದ್ದು ಎಂದೇ ಇಬ್ಬರೂ ತಿಳಿದಿದ್ದರು. ಅದರೊಳಗೆ ಅಕ್ಕಿಕಾಳಿನಷ್ಟು ದೊಡ್ಡ ಲೋಹದ ಚೂರು ಕೂತಿತ್ತು. ಚಿಮಟದಿಂದ ಎಳೆದು ಬೆಳಕಿಗೆ ಹಿಡಿದ. ಅಪ್ಪಟ ತಾಮ್ರ.

ಊರಲ್ಲಿ ತಾಮ್ರದ ಗುಂಡು ಹಾರಿಸುವವನು ಮೆಲ್ವಿನ್ ಒಬ್ಬನೇ. ತನ್ನ ತೋಟಾಗಳನ್ನು ಮನೆಯಲ್ಲೇ ಕೂತು ತಾನೇ ತುಂಬಿಕೊಳ್ಳುತ್ತಿದ್ದ. ರೂಬೆನ್ ಅದನ್ನು ಆಡಿಕೊಂಡು ನಗುತ್ತ ಅಂಗಡಿಯ ಸೀಸದ ಗುಂಡನ್ನೇ ಕೊಳ್ಳುತ್ತಿದ್ದ. ಮೆಲ್ವಿನ್ ಬಕೆಟ್ಟಿನ ಮೇಲೆ ಕುಕ್ಕರಿಸಿದ. ಎರಡು ಈಡು, ಇಬ್ಬರಿಗೂ ಒಂದೊಂದು. ತನ್ನ ಗುಂಡು ಕೊಂಬಿಗೆ ತಾಗಿದೆ ಎಂದಾದರೆ ಎದೆಯ ತೂತು ಯಾರದು? ಇದಕ್ಕೆ ಕಾರ್ಯದರ್ಶಿ ಬೇಕಾಗಿರಲಿಲ್ಲ.

ರೂಬೆನ್ ನಿಜ ಹೇಳಿದ್ದ. ಮೂರು ವರ್ಷ, ಎದುರು ಮನೆಯಲ್ಲಿ ಕೂತು, ನಿಜ ಹೇಳಿಯೂ ಸುಳ್ಳುಗಾರ ಅನ್ನಿಸಿಕೊಂಡು, ಹಾಗೆಯೇ ಸತ್ತ. ಮೆಲ್ವಿನ್‌ಗೆ ರೂಬೆನ್ ಸತ್ತ ದಿನ ಬಾರದ ಅಳು ಈಗ ಬಂತು. ತಡೆಯಲು ನೋಡಿದ, ಆಗಲಿಲ್ಲ.

"ಏನಾಯ್ತೋ?" ಟೀಚರ್ ಎದ್ದು ಹತ್ತಿರ ಬಂದರು.

"ಲೆಕ್ಕ ತಪ್ಪಿತ್ತು ಟೀಚರ್."

"ನಿಂದು ಯಾವತ್ತು ಸರಿಯಾಗಿತ್ತು?" ಎಂದರು ಅವರು. ಆದರೆ ಅವನ ತಲೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು.

ಆಮೇಲಿನ ಎರಡು ಗಂಟೆ ಮೆಲ್ವಿನ್ ಹಿಂದೆಂದೂ ಮಾಡದ ಹಾಗೆ ಕೆಲಸ ಮಾಡಿದ. ಕೊಂಬನ್ನು ಕೊರೆದ, ಲೇತಿನಲ್ಲಿ ತೀಡಿದ, ಆರು ಬಗೆಯ ಉಪ್ಪುಕಾಗದ ಹಾಕಿ ಉಜ್ಜಿದ. ಕಂದು ಗೆರೆಗಳು ಒಂದೊಂದಾಗಿ ಎದ್ದು ಬಂದವು. ಉಳಿದ ಒಂದೇ ತೋಟಾವನ್ನು ಟೀಚರಿಗೆ ಉಸಿರಾಡಲೂ ಕೂಡದೆಂದು ಹೇಳಿ ಕೊರೆದು ಜೋಡಿಸಿದ. ಪೆನ್ನು ಕೈಯಲ್ಲಿ ಕೂತ ರೀತಿ ನೋಡಿ ಅವನಿಗೇ ಆಶ್ಚರ್ಯವಾಯಿತು. ಕೊನೆಯದಾಗಿ ಹೊಳಪಿಗೆಂದು ತಟ್ಟನೆ ಹಿಡಿಯುವ ಅಂಟನ್ನು ತೆಳ್ಳಗೆ ಹಚ್ಚಬೇಕು. ಪೆನ್ನು ಮಾಡುವವರೆಲ್ಲ ಹಾಗೇ ಮಾಡುತ್ತಾರೆ. ಹಚ್ಚುತ್ತಿರುವಾಗ ಹೊರಗೆ ಕ್ಲಿಫರ್ಡ್ ಗಾಡಿಯ ಹಾರ್ನ್ ಬಾರಿಸಿದ. ಮೆಲ್ವಿನ್ ಪೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡ. ಆಮೇಲೆ ಬಿಡಲು ಬರಲಿಲ್ಲ.

ಹೆಬ್ಬೆರಳು, ತೋರುಬೆರಳು, ನಡುಬೆರಳು, ಮೂರೂ ಪೆನ್ನಿಗೆ ಅಂಟಿಕೊಂಡಿದ್ದವು, ಬರೆಯಲು ಕೂತವನ ಕೈ ಹೇಗಿರುತ್ತದೋ ಹಾಗೆ.

"ಉಗುರಿನ ಬಣ್ಣ ತೆಗೆಯೋ ಔಷಧಿ ಹಾಕಿದ್ರೆ ಬಿಡುತ್ತೆ," ಎಂದ ಒಳಗೆ ಬಂದ ಕ್ಲಿಫರ್ಡ್.

"ಹೊಳಪೂ ಹೋಗುತ್ತೆ," ಎಂದರು ಟೀಚರ್. "ಬೆರಳು ಆಮೇಲೆ ನೋಡ್ಕೊಂಡ್ರಾಯ್ತು. ಗಂಟೆ ಮೂರೂ ಮುಕ್ಕಾಲು. ನಡೀರಿ."

ಕ್ಲಬ್ಬಿನ ಸಭಾಂಗಣದಲ್ಲಿ ಅರವತ್ತು ಜನ ಸೇರಿದ್ದರು. ಮಾಂಸ ಆಲೂಗಡ್ಡೆ ತುಂಬಿದ ಪೇಸ್ಟಿ ಕಡುಬಿನ ವಾಸನೆ, ಕಾಫಿಯ ವಾಸನೆ, ಒದ್ದೆ ಉಣ್ಣೆಯ ವಾಸನೆ. ಮುಂದಿನ ಮೇಜಿನ ಮೇಲೆ ರೂಬೆನ್‌ನ ಫೋಟೋ, ಪಕ್ಕದಲ್ಲಿ ದಪ್ಪ ನೋಟ್‌ಬುಕ್. ಐಲಾ ಮೆಲ್ವಿನ್‌ನ ಕೈ ನೋಡಿದಳು. ಪೆನ್ನು ನೋಡಿದಳು. ಬೆಳಿಗ್ಗೆ ತಾನು ಕೊಟ್ಟ ಬಿಳಿ ಕೊಂಬು ಹೀಗೆ ಕಂದು ಹೇಗಾಯಿತು ಎಂದು ಕೇಳಲಿಲ್ಲ.

"ಚೆನ್ನಾಗಿದೆ ಕಣೋ," ಎಂದಳು. "ಕೊಡು."

"ಕೊಡೋಕಾಗಲ್ಲ."

ಹೀಗಾಗಿ ಬರೆಯುವ ಕೆಲಸ ಅವನ ಪಾಲಿಗೆ ಬಂತು. ಜನ ಸಾಲಾಗಿ ನಿಂತು ತಮ್ಮ ತಮ್ಮ ಮಾತು ಹೇಳಿದರು, ಮೆಲ್ವಿನ್ ಬರೆದ. ರೂಬೆನ್‌ನಷ್ಟು ಪ್ರಾಮಾಣಿಕನನ್ನು ನಾನು ಕಂಡಿಲ್ಲ, ಎಂದು ಒಬ್ಬ ಹೇಳಿದ. ಬರೆದ. ಅವನು ಯಾರ ಮೇಲೂ ಹಗೆ ಇಟ್ಟುಕೊಂಡವನಲ್ಲ, ಎಂದು ಇನ್ನೊಬ್ಬ, ಮೆಲ್ವಿನ್‌ನ ಮುಖವನ್ನೇ ನೋಡುತ್ತ. ಅದನ್ನೂ ಬರೆದ. ಗೆಳೆಯರು ಕೈಬಿಟ್ಟಾಗಲೂ ನಗುತ್ತಲೇ ಇದ್ದ, ಎಂದ ಕ್ಲಿಫರ್ಡ್. 'ಗೆಳೆಯರು' ಎಂದು ಬಹುವಚನದಲ್ಲೇ ಬರೆಯಬೇಕೆಂದೂ ಹೇಳಿದ. ನಲವತ್ತು ಮಂದಿಯ ಹೊಗಳಿಕೆ ಒಬ್ಬನೇ ಬರೆದು ಮುಗಿಸುವ ಹೊತ್ತಿಗೆ ಮೆಲ್ವಿನ್‌ನ ಮಣಿಕಟ್ಟು ಬಾತುಕೊಂಡಿತ್ತು, ಕಣ್ಣು ಕೂಡ.

"ಈಗ ನಿಂದು," ಎಂದಳು ಐಲಾ.

ಬೆಳಗಿನಿಂದ ಅವನು ಕಾದಿದ್ದದ್ದು ಇದಕ್ಕೇ, ಹೆದರಿದ್ದದ್ದೂ ಇದಕ್ಕೇ. ತಲೆ ಎತ್ತದೆ ಬರೆದ. ಮುಗಿಯುವುದನ್ನೇ ಕಾಯುತ್ತಿದ್ದ ಕ್ಲಿಫರ್ಡ್ ಪುಸ್ತಕ ಎತ್ತಿ ಮೈಕಿನಲ್ಲಿ ಓದಿದ.

"ಹನ್ನೆರಡು ಕವಲಿನ ಜಿಂಕೆ ರೂಬೆನ್‌ದು. ನನ್ನ ಗುಂಡು ಕೊಂಬಿಗೆ ತಾಗಿತ್ತು, ಇವತ್ತು ಗೊತ್ತಾಯಿತು. ಮೂರು ವರ್ಷ ನಿನ್ನನ್ನು ಸುಳ್ಳುಗಾರ ಅಂದೆ. ಆಸ್ಪತ್ರೆಯ ಬಾಗಿಲವರೆಗೆ ಬಂದು ವಾಪಸು ಹೋದೆ. ಕ್ಷಮಿಸು."

ಮೆಲ್ವಿನ್ ಎಡಗೈಯಿಂದ ಜೇಬಿನಲ್ಲಿದ್ದ ತಾಮ್ರದ ಚೂರನ್ನು ತೆಗೆದು ಮೇಜಿನ ಮೇಲಿಟ್ಟ. ಕೈಯಿಂದ ಕೈಗೆ ಅದು ಸುತ್ತು ಬಂತು. ಆಮೇಲೆ ಒಮ್ಮೆಲೇ ಎಲ್ಲರೂ ಮಾತಾಡತೊಡಗಿದರು. ನಾನು ಅವತ್ತೇ ಹೇಳಿದ್ದೆ ಎಂದು ಒಬ್ಬ, ತೂತು ನೋಡಿದ ಕೂಡಲೇ ರೂಬೆನ್‌ದೇ ಅನಿಸಿತ್ತು ಎಂದು ಮತ್ತೊಬ್ಬ. ಕ್ಲಿಫರ್ಡ್ ಬೀರುವಿನಿಂದ ಜಿಂಕೆ ಪುಸ್ತಕ ತಂದು, ಮೂರು ವರ್ಷದಿಂದ ಖಾಲಿಯಿದ್ದ ಜಾಗಕ್ಕೆ ಬೆರಳಿಟ್ಟ.

"ನೀನೇ ಬರಿ. ಪೆನ್ನು ಹೇಗೂ ನಿನ್ನ ಹತ್ರ ಇದೆ."

ಮೆಲ್ವಿನ್ ಬರೆದ: ರೂಬೆನ್ ಯಾರ್ವಿ. ಅರವತ್ತು ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಕೆಲವರು ಬಂದು ಮೆಲ್ವಿನ್‌ನ ಬೆನ್ನು ತಟ್ಟಿದರು, ಕೊಂಚ ಜೋರಾಗಿಯೇ. ಅವನಿಗೆ ಮಾತ್ರ ಹಗುರವಾಗಿತ್ತು. ಮೂರು ವರ್ಷದಲ್ಲಿ ಮೊದಲ ಸಲ ರೂಬೆನ್‌ನ ಮುಖವನ್ನು, ಫೋಟೋದಲ್ಲಾದರೂ, ನೇರವಾಗಿ ನೋಡಿದ.

ಐಲಾ ಅವನನ್ನು ಸಭಾಂಗಣದ ಹಿಂದಿನ ಅಡುಗೆಮನೆಗೆ ಕರೆದುಕೊಂಡು ಹೋಗಿ ಬೆಚ್ಚಗಿನ ಎಣ್ಣೆಯಲ್ಲಿ ಬೆರಳು ಅದ್ದಿಸಿದಳು. ಒಂದೊಂದನ್ನೇ ಬಿಡಿಸಿ, ಪೆನ್ನನ್ನು ಒರೆಸಿ ಪಕ್ಕಕ್ಕಿಟ್ಟಳು. ಆಮೇಲೆ ಕೋಟಿನ ಜೇಬಿನಿಂದ ಉಣ್ಣೆಯ ಕೈಗವುಸೊಂದನ್ನು ತೆಗೆದಳು. ರೂಬೆನ್‌ದು. ಹೆಬ್ಬೆರಳಿನ ಕಡೆ ಗಂಟು ಹಾಕಿತ್ತು.

"ಕೊನೇ ವಾರ ಕೊಟ್ಟ. ಬೇಟೆ ಶುರುವಾಗೋ ಹಿಂದಿನ ದಿನ ಮೆಲ್ವಿನ್ ಕೈಗೆ ಕೊಡು, ಅದಕ್ಕೆ ಮುಂಚೆ ಬೇಡ, ಅಂದ. ನೋಡಿದ್ರೆ ಅವನಿಗೆ ಗೊತ್ತಾಗುತ್ತೆ ಅಂದ. ಜಿಂಕೆ ಹೊಡೆದ ಮಾರನೇ ವಸಂತದಲ್ಲಿ, ಹಿಮ ಕರಗಿದ ಮೇಲೆ, ರೂಬೆನ್ ಕೂತಿದ್ದ ಮರೆಯ ಹತ್ರ ಸಿಕ್ಕಿತಂತೆ. ಅವತ್ತು ಮನೆಗೆ ಬಂದವನು ಊಟ ಮಾಡ್ಲಿಲ್ಲ. ಆಮೇಲೆ ಎಷ್ಟು ಸಲ ಇದನ್ನ ಹಿಡ್ಕೊಂಡು ನಿನ್ನ ಮನೆ ಬಾಗಿಲವರೆಗೆ ಬಂದನೋ, ನಂಗೆ ಲೆಕ್ಕ ಇಲ್ಲ. ಬಂದು ವಾಪಸ್ ಬರ್ತಿದ್ದ."

ಮೆಲ್ವಿನ್ ಗಂಟು ಬಿಚ್ಚಿ ಅಂಗೈಗೆ ಸುರಿದುಕೊಂಡ. ಒಂದೇ ಒಂದು ತೋಟಾ. ಅಂಗಡಿಯದು. ಮಣ್ಣಿನಲ್ಲಿ ಕೂತು ಹಸಿರು ಹಿಡಿದಿತ್ತು. ಅದು ಖಾಲಿಯಾಗಿರಲಿಲ್ಲ. ತುದಿಯಲ್ಲಿ ಸೀಸದ ಗುಂಡು ಹೇಗಿತ್ತೋ ಹಾಗೇ ಕೂತಿತ್ತು.

ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಬೇಟೆಗಾರರಿಗೆ ಒಂದು ನಡುಕವಿದೆ. ದೊಡ್ಡ ಜಿಂಕೆ ಎದುರು ಬಂದಾಗ ಹಿಡಿಯುತ್ತದೆ. ಕೋವಿ ಎತ್ತುತ್ತಾರೆ, ಗುರಿ ಹಿಡಿಯುತ್ತಾರೆ, ಟ್ರಿಗರ್ ಎಳೆಯುವುದನ್ನೇ ಮರೆತು ಖಾಲಿ ತೋಟಾವನ್ನು ಹೊರಗೆಸೆಯುವ ಬೋಲ್ಟನ್ನು ಹಿಂದಕ್ಕೆಳೆದುಬಿಡುತ್ತಾರೆ. ತುಂಬಿದ ತೋಟಾ ಹಾಗೇ ಹಿಮಕ್ಕೆ ಬೀಳುತ್ತದೆ. ಹೊಡೆದೆ ಎಂದೇ ನಂಬಿರುತ್ತಾರೆ, ದೇವರಾಣೆ ಹಾಕಿ ಹೇಳುತ್ತಾರೆ. ರೂಬೆನ್‌ನಿಂದ ಅಂದು ಗುಂಡೇ ಹಾರಿರಲಿಲ್ಲ.

ಹಾಗಾದರೆ ಎರಡು ಈಡೂ ಒಂದೇ ಕೋವಿಯದು. ಅದೇ ನಡುಕ ಇನ್ನೊಂದು ಮರೆಯಲ್ಲಿದ್ದ ಮೆಲ್ವಿನ್‌ಗೂ ಹಿಡಿದಿತ್ತು. ಅವನು ಎರಡು ಹೊಡೆದು ಒಂದು ಎಂದುಕೊಂಡಿದ್ದ. ಬೆಳಿಗ್ಗೆ ಕೋವಿಗೆ ಎಷ್ಟು ತೋಟಾ ತುಂಬಿದೆನೆಂದು ಮೆಲ್ವಿನ್ ಜನ್ಮದಲ್ಲಿ ಎಣಿಸಿದವನಲ್ಲ. ಮೊದಲನೆಯದು ಕೊಂಬಿಗೆ ತಾಗಿತ್ತು, ಎರಡನೆಯದು ಎದೆಗೆ. ಜಿಂಕೆ ಮೊದಲಿಂದಲೂ ಅವನದೇ ಆಗಿತ್ತು. ಅದು ಅವನದೆಂದು ತಿಳಿದಿದ್ದ ಒಬ್ಬನೇ ಮನುಷ್ಯ ಎದುರು ಮನೆಯಲ್ಲಿ ಎರಡೂವರೆ ವರ್ಷ ಕೈಗವುಸು ಹಿಡಿದು ಒದ್ದಾಡಿ, ಒಂಬತ್ತು ದಿನದ ಹಿಂದೆ ಮಣ್ಣಾಗಿದ್ದ.

ಹೊರಗೆ ಕ್ಲಿಫರ್ಡ್ ಮೈಕಿನಲ್ಲಿ ರೂಬೆನ್‌ನ ಗುರಿಯನ್ನು ಹೊಗಳುತ್ತಿದ್ದ. ಗುರಿ ತಪ್ಪಿದವರ ಅಂಗಿಯ ತುದಿ ಕತ್ತರಿಸಿ ಕ್ಯಾಂಪಿನ ಗೋಡೆಗೆ ಮೊಳೆ ಹೊಡೆಯುವ ಜನ ಅವರು. ಟ್ರಿಗರ್ ಎಳೆಯುವುದನ್ನೇ ಮರೆತವನ ಕಥೆ ಸಿಕ್ಕರೆ ಇನ್ನು ಇಪ್ಪತ್ತು ಚಳಿಗಾಲ ಅದನ್ನೇ ಹೇಳಿ ನಗುತ್ತಾರೆ. ರೂಬೆನ್ ಬಾಗಿಲವರೆಗೆ ಬಂದು ತಟ್ಟದೆ ಹಿಂದಿರುಗಿದ್ದು ಅದಕ್ಕೇ ಇರಬೇಕು. ಎರಡು ಹೆಜ್ಜೆ ಹೊರಗೆ ಹೋಗಿ ಅಂಗೈ ತೆರೆದರೆ ಜಿಂಕೆ ಮೆಲ್ವಿನ್‌ಗೆ ವಾಪಸು ಬರುತ್ತಿತ್ತು.

"ಏನಿದು?" ಎಂದಳು ಐಲಾ. ಕೋವಿ ಬೇಟೆ ಯಾವುದೂ ಅವಳಿಗೆ ತಿಳಿಯದು. "ಅಷ್ಟೊಂದು ಜೋಪಾನ ಮಾಡಿದ್ನಲ್ಲ."

ಮೆಲ್ವಿನ್ ತೋಟಾವನ್ನು ಕೈಗವುಸಿಗೆ ಹಾಕಿ ಮತ್ತೆ ಗಂಟು ಕಟ್ಟಿದ.

"ಇದು ನಂದು," ಅಂದ. "ಅವತ್ತು ಬೆಳಿಗ್ಗೆ ಒಂದು ಕಮ್ಮಿ ಇದೆ ಅಂತ ನನ್ನ ಹತ್ರ ಇಸ್ಕೊಂಡಿದ್ದ. ವಾಪಸ್ ಕೊಡಬೇಕು ಅಂತಿದ್ನೇನೋ."

"ಒಂದು ತೋಟಾ?" ಐಲಾ ನಂಬಲಾರದೆ ಅವನನ್ನು ನೋಡಿದಳು. "ಇಷ್ಟಕ್ಕಾ ಅವನು ಅಷ್ಟು ವರ್ಷ ನಿದ್ದೆಗೆಟ್ಟಿದ್ದು?"

"ಇಷ್ಟಕ್ಕೇ," ಎಂದ ಮೆಲ್ವಿನ್.